ಫರಸಿ ಮಷೀನಿನಲ್ಲಿ ಕೊಯ್ದ ದೋಣಿ

ಸ್ವಂತ ಕೈಯಿಂದ ದೋಣಿ ಮಾಡಿ, ಅದರಲ್ಲಿ ಹೆಂಡತಿಯನ್ನು ಕೂರಿಸಿಕೊಂಡು, ಮಂಜೀರಾ ಹೊಳೆಯ ಹಿನ್ನೀರು ದಾಟಿ ಅವಳನ್ನು ತವರಿಗೆ ಮುಟ್ಟಿಸಿದ ಗಂಡಸು ಜಹೀರಾಬಾದಿನಲ್ಲಿ ಇದುವರೆಗೆ ಒಬ್ಬನೇ. ಅವನು ಯಾರೆಂದು ನನ್ನ ಬಾಯಿಂದಲೇ ಕೇಳುವ ಆಸೆ ನಿಮಗಿದ್ದರೆ ಹೇಳಿಬಿಡುತ್ತೇನೆ: ನಾನೇ. ಆಸೆ ಇಲ್ಲದಿದ್ದರೂ ಹೇಳುತ್ತಿದ್ದೆ.

ನಾನು ನೀರಾವರಿ ಆಫೀಸಿನಲ್ಲಿ ನಕಾಶೆ ಬರೆಯುತ್ತಿದ್ದವನು. ಕಾಗದದ ಮೇಲೆ ನಾನು ಹರಿಸಿದಷ್ಟು ನೀರನ್ನು ನಿಜವಾಗಿ ಹರಿಸಿದ್ದರೆ ನಮ್ಮ ಕಡೆಯ ಜೋಳದ ಹೊಲಗಳೆಲ್ಲ ಭತ್ತದ ಗದ್ದೆಗಳಾಗಿರುತ್ತಿದ್ದವು. ಆಫೀಸಿನಲ್ಲಿ ನನ್ನ ಹೆಸರು ಇದ್ದದ್ದು ನಕಾಶೆಗಲ್ಲ, ಕಿತಾಪತಿಗೆ. ಗೋಡೆಯ ಗಡಿಯಾರವನ್ನು ದಿನಕ್ಕೊಂದೇ ನಿಮಿಷ ಮುಂದೆ ತಳ್ಳುತ್ತ, ಆರು ತಿಂಗಳಲ್ಲಿ ಇಡೀ ಆಫೀಸು ಮಧ್ಯಾಹ್ನ ಎರಡಕ್ಕೆಲ್ಲ ಐದಾಯಿತೆಂದು ಬೀಗ ಹಾಕಿಕೊಂಡು ಮನೆಗೆ ಹೋಗುವಂತೆ ಮಾಡಿದವನು ನಾನು. ಇಂಥ ಮನುಷ್ಯ ಖರೇ ಮಾತು ಹೇಳಿದರೂ ಯಾರೂ ನಂಬುವುದಿಲ್ಲ. ಒಂದು ಊರಿನವರು ಮಾತ್ರ ನನ್ನನ್ನು ಪೂರ್ತಿ ನಂಬುತ್ತಿದ್ದರು. ಅದು ನನ್ನ ಹೆಂಡತಿಯ ತವರು. ನಾರಾಯಣಖೇಡದ ಕಡೆ, ಮಂಜೀರಾದ ಆಚೆ ದಂಡೆಯ ಮೇಲಿರುವ ಸಣ್ಣ ಊರು.

ಹೆಣ್ಣು ನೋಡಲು ನಾನು ಅಲ್ಲಿಗೆ ಹೋದಾಗ ಅಣೆಕಟ್ಟಿನ ನೀರು ಆಗಷ್ಟೇ ಏರಿ ಊರಿನ ಹೊಲಗಳ ಅಂಚಿಗೆ ಬಂದು ನಿಂತಿತ್ತು. ಮಾವನವರು ಚಹಾದ ಬಸಿ ಕೈಗೆ ಕೊಟ್ಟು, "ನಮ್ಮದು ಹೊಳಿ ದಂಡಿ ಊರು. ನಿಮಗ ಈಜಾಕ ಬರ್ತದೇನ್ರಿ?" ಎಂದರು.

"ಈಜೋದು ಏನ್ ದೊಡ್ಡದ್ರಿ," ಎಂದೆ ನಾನು, "ದೋಣೀನೇ ಹೊಡೀತೀನಿ. ನೋಡ್ತಿರ್ರಿ, ನಿಮ್ಮ ಮಗಳಿಗೆ ಹಬ್ಬಕ್ಕ ದೋಣ್ಯಾಗ ಕೂಡಿಸಿ ಕರಕೊಂಡು ಬರ್ತೀನಿ."

ಬಾಗಿಲ ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಆ ನಗುವನ್ನೇ ಮದುವೆಯಾದೆ.

ಮದುವೆಯಾದ ಮೇಲಿನ ಮೊದಲ ಬೇಸಿಗೆಯಲ್ಲಿ ಅವಳ ತಮ್ಮ, ಅಣ್ಣ, ಕಾಕಂದಿರೆಲ್ಲ ಊರ ಬಾವಿಯ ಕಟ್ಟೆಯಿಂದ ದಬದಬ ಧುಮುಕುತ್ತಿದ್ದರೆ ನಾನು ಮೊಣಕಾಲು ಹಿಡಿದುಕೊಂಡು ಕೂತಿದ್ದೆ. ನೋವಿನ ನೆಪ. ಅವಳು ಎರಡು ನಿಮಿಷ ನನ್ನ ಮುಖ ನೋಡಿದಳು. ಮನೆಗೆ ಬಂದ ಮೇಲೆ, "ನಿಮಗ ಈಜು ಬರಂಗಿಲ್ಲ, ಹೌದಲ್ಲ?" ಎಂದಳು. ಯಾರಿಗೂ ಹೇಳಬಾರದೆಂದು ಆಣೆ ಹಾಕಿಸಿಕೊಂಡೆ. ಅವಳು ಹಾಕಿದಳು. ಹೊಳೆ ದಂಡೆಯಲ್ಲಿ ಹುಟ್ಟಿದವಳು, ಮೀನಿನ ಹಾಗೆ ಈಜುತ್ತಾಳೆ. ಗಂಡ ಕಲ್ಲಿನ ಹಾಗೆ ಮುಳುಗುತ್ತಾನೆಂದು ತವರಿನಲ್ಲಿ ಹೇಳಿಕೊಳ್ಳಲು ಅವಳಿಗೂ ಮನಸ್ಸಿರಲಿಕ್ಕಿಲ್ಲ ಎಂದುಕೊಂಡೆ.

ಆಮೇಲೆ ಇಪ್ಪತ್ತು ವರ್ಷ ನಾನು ಆ ಊರಿಗೆ ಹೋದಾಗಲೆಲ್ಲ ಊರ ನಡುವಿನ ಕಟ್ಟೆಯ ಮೇಲಿನ ಹಿರಿಯರು ಜಾಗ ಬಿಟ್ಟುಕೊಟ್ಟು ಕೂರಿಸುತ್ತಿದ್ದರು. "ಅಳಿಯಂದ್ರೆ, ಆ ಮಹಾಪೂರದಾಗ ಈಜಿದ ಕತಿ ಇನ್ನೊಮ್ಮೆ ಹೇಳ್ರಿ" ಎನ್ನುತ್ತಿದ್ದರು. ನಾನು ಹೇಳುತ್ತಿದ್ದೆ. ನಾನೇ ಕಟ್ಟಿದ ಆ ಕತೆಯಲ್ಲಿ ಪ್ರತಿ ವರ್ಷ ಮಹಾಪೂರ ಒಂದು ಗೇಣು ಏರುತ್ತಿತ್ತು. ಅವರು ಬಾಯಿ ತೆರೆದುಕೊಂಡು ಕೇಳುತ್ತಿದ್ದರು. ದೋಣಿಯ ಮಾತು ಬಂದರೆ ಮಾತ್ರ, "ಈ ಸಲ ರಜಾ ಸಿಗಲಿಲ್ರಿ" ಎಂದು ಜಾರಿಕೊಳ್ಳುತ್ತಿದ್ದೆ.

ಆಮೇಲೆ ಪ್ರತ್ಯೇಕ ತೆಲಂಗಾಣ ರಾಜ್ಯಕ್ಕಾಗಿ ಎಲ್ಲವೂ ಬಂದ್ ಆದ ಆ ವರ್ಷ ಬಂತು. ಆಫೀಸಿಗೆ ಬೀಗ, ಶಾಲೆಗೆ ಬೀಗ, ಬಸ್ಸುಗಳೆಲ್ಲ ಡಿಪೋದೊಳಗೆ. ನಾವು ನೌಕರರು ಬೆಳಗ್ಗೆ ಆಫೀಸಿನ ಮುಂದೆ ಹಾಕಿದ ಟೆಂಟಿನಲ್ಲಿ ಕೂತು, ಗಂಟಲು ಹರಿಯುವ ಹಾಗೆ ಜೈ ತೆಲಂಗಾಣ ಕೂಗಿ, ಮಧ್ಯಾಹ್ನ ಮನೆಗೆ ಬರುತ್ತಿದ್ದೆವು. ನಾಲ್ಕನೆಯ ದಿನ ಹೆಂಡತಿ ರೊಟ್ಟಿ ಬಡಿಯುತ್ತ ಮಾತು ತೆಗೆದಳು.

"ಏನ್ರಿ, ಆಫೀಸು ಬಂದ್ ಅದ ಹೌದಿಲ್ಲೋ?"

"ಬಂದ್ ಅದ."

"ಬಸ್ಸೂ ಬಂದ್ ಅವ."

"ಅವೂ ಬಂದ್."

"ಹಂಗಾದ್ರ ಈ ಸಲ ದಸರಾಕ್ಕ ನನಗ ದೋಣ್ಯಾಗ ಕರಕೊಂಡು ಹೋಗ್ರಿ. ಇಪ್ಪತ್ತು ವರ್ಷ ರಜಾ ಇಲ್ಲ, ರಜಾ ಇಲ್ಲ ಅಂದ್ರಿ. ಈಗ ಸರ್ಕಾರಾನೇ ರಜಾದ ಮ್ಯಾಲ ಹೋಗ್ಯಾದ."

"ಜೀಪ್ ಹೋಗ್ತಾವಲ್ಲ, ಬೀದರ್ ಸುತ್ತಿ..."

"ಜೀಪಿನ ಟಾಪ್ ಮ್ಯಾಲ ಕುಂತು ನಾ ಹೋಗಂಗಿಲ್ಲ. ದೋಣಿ ಇಲ್ಲಂದ್ರ ನಮ್ಮವ್ವಗ ಫೋನ್ ಹಚ್ಚಿ ಹೇಳಿಬಿಡ್ತೀನಿ."

"ಏನಂತ?"

"ಏನಂತ ನಿಮಗೇ ಗೊತ್ತದ."

ರೊಟ್ಟಿಯನ್ನು ಹಂಚಿನ ಮೇಲೆ ಹಾಕಿದಳು, ಮಾತು ಮುಗಿಯಿತು. ಜಗತ್ತಿನಲ್ಲಿ ನನ್ನನ್ನು ನಂಬುವ ಒಂದೇ ಒಂದು ಊರು ಕೈಬಿಟ್ಟು ಹೋಗುವುದರಲ್ಲಿತ್ತು. ದಸರೆಗೆ ಮೂರು ವಾರ ಉಳಿದಿತ್ತು.

ಇಂಟರ್ನೆಟ್ ಸೆಂಟರಿಗೆ ಹೋಗಿ ಎಂಟು ಹಾಳೆ ಪ್ರಿಂಟ್ ತೆಗೆಸಿದೆ. ಅದರಲ್ಲಿದ್ದ ದೋಣಿಯನ್ನು ಹಲಗೆಯಿಂದ ಮಾಡುವುದಿಲ್ಲ, ತೆಳ್ಳನೆಯ ಪಟ್ಟಿಗಳಿಂದ ಹೆಣೆಯುತ್ತಾರೆ. ಮೊದಲು ದೋಣಿಯ ಆಕಾರದ ಅಡ್ಡ ಅಚ್ಚುಗಳನ್ನು ಸಾಲಾಗಿ ನಿಲ್ಲಿಸುವುದು, ಅವುಗಳ ಮೇಲೆ ಒಂದರ ಪಕ್ಕ ಒಂದು ಪಟ್ಟಿ ಬಾಗಿಸಿ ಅಂಟಿಸುತ್ತ ಹೋಗುವುದು. ಪಟ್ಟಿಯ ದಪ್ಪ ಎರಡು ಸೂತು, ಅಗಲ ಆರು ಸೂತು. ಸೂತು ಅಂದರೆ ಇಂಚಿನ ಎಂಟನೆಯ ಪಾಲು. ನಮ್ಮ ಕಡೆಯ ಬಡಿಗರಿಗೆ ಅದೇ ಲೆಕ್ಕ. ಕಟ್ಟಿಗೆಗೆ ತೊಂದರೆ ಇರಲಿಲ್ಲ. ಮನೆಯ ಮಾಳಿಗೆ ತೆಗೆಸಿ ಸ್ಲ್ಯಾಬು ಹಾಕಿಸಿದಾಗ ಇಳಿಸಿದ್ದ ಎರಡು ಸಾಗವಾನಿ ತೊಲೆಗಳು ಹಿತ್ತಲ ತಗಡಿನ ಕೆಳಗೆ ಬಿದ್ದಿದ್ದವು. ಐದು ಇಂಚು ಅಗಲ, ನಾಲ್ಕು ಇಂಚು ದಪ್ಪ, ನನ್ನಷ್ಟೇ ಗಟ್ಟಿ.

ಬಸ್ ಸ್ಟ್ಯಾಂಡಿನ ಹಿಂದೆ ಬಡಿಗತನದ ಅಂಗಡಿಯ ಮುದುಕ ಮಿಸ್ತ್ರಿಗೆ ಹೋಗಿ ಹೇಳಿದೆ. ಅವನು ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲು ತೆಗೆದ, ಮತ್ತೆ ಸಿಕ್ಕಿಸಿದ.

"ಎರಡು ಸೂತಿನ ಪಟ್ಟಿ? ಅರೇ ಸಾಬ್, ಅದರಿಂದ ಹಾರಿಸೋ ಪತಂಗ ಆಗ್ತದ, ದೋಣಿ ಆಗಂಗಿಲ್ಲ."

"ಮಿಸ್ತ್ರಿ, ನಾ ಹೇಳಿದಷ್ಟು ಕೊಯ್ದು ಕೊಡು."

"ಹೋದ ಸಲ ಹೇಳಿದ್ರಿ, ಕಲೆಕ್ಟರ್ ಸಾಬ್‌ಗೆ ಆರು ಕಾಲಿನ ಕುರ್ಚಿ ಬೇಕಂತ. ಎರಡು ದಿನ ಕುಂತು ಮಾಡ್ದೆ. ಇನ್ನೂ ಅಲ್ಲೇ ಅದ ನೋಡ್ರಿ."

ನಿಜ, ಮೂಲೆಯಲ್ಲಿ ಆರು ಕಾಲಿನ ಕುರ್ಚಿ ಇತ್ತು. ಅದರ ಮೇಲೆ ಅವನ ಚಹಾದ ಥರ್ಮಾಸು. ಕಟ್ಟಿಗೆ ಕೊಯ್ಯುವ ಅಡ್ಡೆಯವನೂ ನನ್ನ ಮುಖ ನೋಡಿದೊಡನೆ ಮಷೀನಿನ ಸ್ವಿಚ್ಚು ಆರಿಸಿ ಊಟಕ್ಕೆ ಎದ್ದ. ಹೀಗೆ ಪಟ್ಟಿಗಳನ್ನು ನಾನೇ ಕೊಯ್ದುಕೊಳ್ಳಬೇಕಾಯಿತು. ಇದರಲ್ಲಿ ನನ್ನ ತಪ್ಪೇನೂ ಇರಲಿಲ್ಲ. ಆ ಕುರ್ಚಿ ಬಹಳ ಚೆನ್ನಾಗಿ ಬಂದಿತ್ತು.

ಆಗ ನೆನಪಾದವನು ನನ್ನ ಹೆಂಡತಿಯ ತಮ್ಮ. ತಾಂಡೂರಿನಲ್ಲಿ ಫರಸಿ ಕಲ್ಲಿಗೆ ಪಾಲಿಶ್ ಮಾಡುವ ಕಾರ್ಖಾನೆಯೊಂದರಲ್ಲಿ ಅವನು ಮೇಲ್ವಿಚಾರಕ. ಕಲ್ಲಿನ ಅಂಚು ಕತ್ತರಿಸುವ ಅಲ್ಲಿನ ಮಷೀನನ್ನು ನಾನು ಕಂಡಿದ್ದೆ. ಕಲ್ಲನ್ನು ಒಂದು ಗಾಡಿಯ ಮೇಲೆ ಮಲಗಿಸುತ್ತಾರೆ, ಗಾಡಿ ಹಳಿಯ ಮೇಲೆ ಸರಿಯುತ್ತದೆ, ಮೇಲೆ ಚಕ್ರದಂಥ ಬ್ಲೇಡು ತಿರುಗುತ್ತಿರುತ್ತದೆ. ದಾರ ಹಿಡಿದ ಹಾಗೆ ನೇರ ಕೊಯ್ಯುತ್ತದೆ. ಕಲ್ಲಿನ ಬ್ಲೇಡು ಬಿಚ್ಚಿ ಅಲ್ಲಿ ಕಟ್ಟಿಗೆಯ ಬ್ಲೇಡು ಸಿಕ್ಕಿಸಿದರೆ? ಇಂಥ ಯೋಚನೆ ಸಾಮಾನ್ಯ ತಲೆಗೆ ಬರುವಂಥದ್ದಲ್ಲ. ಫೋನು ಹಚ್ಚಿದೆ.

"ಮಾವಾ, ಇದೂ ಏನರ ಆಟ ಏನು?" ಎಂದ ಅವನು. ನಮ್ಮ ಕಡೆ ಅಕ್ಕನ ಗಂಡನಿಗೆ ಮಾವ, ಹೆಂಡತಿಯ ತಮ್ಮನಿಗೆ ಅಳಿಯ ಎನ್ನುತ್ತಾರೆ.

"ಇಲ್ಲೋ ಅಳಿಯಾ, ನಿಮ್ಮಕ್ಕನ ಆಣಿ."

"ಅಕ್ಕನ ಆಣಿ ಮೊದ್ಲೂ ಭಾಳ ಸಲ ಮಾಡೀರಿ."

ಕಡೆಗೆ ಅಕ್ಕನ ಕೈಗೇ ಫೋನು ಕೊಡಬೇಕಾಯಿತು. ಅವಳು ಅಡುಗೆಮನೆಗೆ ಹೋಗಿ ಅದೇನು ಮಾತಾಡಿದಳೋ, ಬಹಳ ಹೊತ್ತು ನಗು ಕೇಳಿಸಿತು. "ಬಾ ಅಂದಾನ, ಹೋಗ್ರಿ" ಎಂದು ಫೋನು ವಾಪಸು ಕೊಟ್ಟಳು.

ಹಳೆ ತೊಲೆಯೊಳಗೆ ಮುರಿದ ಮೊಳೆಗಳು ಅಡಗಿರುತ್ತವೆ. ಒಂದು ಮೊಳೆ ಬ್ಲೇಡಿಗೆ ಸಿಕ್ಕರೆ ಹಲ್ಲುಗಳು ಹಾರಿ ನಮ್ಮ ಹಲ್ಲಿಗೆ ಬೀಳುತ್ತವೆ. ಕೆಟ್ಟುಹೋದ ಲೌಡ್‌ಸ್ಪೀಕರಿನ ಅಯಸ್ಕಾಂತ ತೆಗೆದು, ದಾರಕ್ಕೆ ಕಟ್ಟಿ, ತೊಲೆಯ ಉದ್ದಕ್ಕೂ ನೇತಾಡಿಸುತ್ತ ಹೋದೆ. ಎಲ್ಲಿ ಅದು ಟಕ್ಕೆಂದು ಅಂಟಿತೋ ಅಲ್ಲಿ ಸುಣ್ಣದ ಚುಕ್ಕೆ ಇಟ್ಟು ಅಗೆದೆ. ಮೂವತ್ತೊಂದು ಮೊಳೆ ಸಿಕ್ಕವು. ನಮ್ಮಪ್ಪ ಅಂಗಿ ತೂಗುಹಾಕುತ್ತಿದ್ದ ಉದ್ದನೆಯ ಮೊಳೆಯೂ ಅದರಲ್ಲಿತ್ತು. ಅದನ್ನು ಜೇಬಿಗೆ ಹಾಕಿಕೊಂಡೆ.

ಟೆಂಪೋದಲ್ಲಿ ತೊಲೆಗಳನ್ನು ಹೇರಿಕೊಂಡು ತಾಂಡೂರು ಮುಟ್ಟಿದೆ. ಕರೆಂಟು ಆ ದಿನಗಳಲ್ಲಿ ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂಬುದಕ್ಕೆ ಲೆಕ್ಕವಿರಲಿಲ್ಲ. ಅಳಿಯ ಲೇತ್ ಮಷೀನಿನವನ ಕಡೆಯಿಂದ ಬುಶ್ ಎಂಬ ಕಬ್ಬಿಣದ ಬಳೆ ಮಾಡಿಸಿ ಕಟ್ಟಿಗೆಯ ಬ್ಲೇಡನ್ನು ಕಲ್ಲಿನ ಮಷೀನಿಗೆ ಕೂರಿಸಿಟ್ಟಿದ್ದ. ಮಷೀನು ನಡೆಸುವವನು ಅಲ್ಲಿ ಹುಟ್ಟಿ ಬೆಳೆದ ಹಾಗೆ ಕಾಣುವ ಮನುಷ್ಯ. ಹುಬ್ಬಿನ ಮೇಲೂ ಕಲ್ಲಿನ ಪುಡಿ. ಹತ್ತೂವರೆಗೆ ಕರೆಂಟು ಬಂತು. ಮೊದಲ ತೊಲೆ ಗಾಡಿಯ ಮೇಲೆ ಸರಿಯಿತು. ಬ್ಲೇಡು ಕಿರ್ರೆಂದು ಕೂಗಿ ಸಾಗವಾನಿಯೊಳಗೆ ಇಳಿದಾಗ ಹಳದಿ ಹೊಟ್ಟು ಹಾರಿತು. ಕಲ್ಲಿನ ಕಾರ್ಖಾನೆಯಲ್ಲಿ ಮೊದಲ ಬಾರಿಗೆ ಮರದ ವಾಸನೆ ಎದ್ದಿತು. ಕಲ್ಲು ಹೊರುವವರೆಲ್ಲ ಕೆಲಸ ಬಿಟ್ಟು ಮೂಗು ಅರಳಿಸಿಕೊಂಡು ಬಂದು ನಿಂತರು. ನಾನು ಅವರಿಗೆಲ್ಲ ದೋಣಿಯ ಶಾಸ್ತ್ರ ಹೇಳಿದೆ.

ಮೊದಲು ಆರು ಸೂತಿನ ಹಲಗೆ, ಆಮೇಲೆ ಹಲಗೆಯನ್ನು ನಿಲ್ಲಿಸಿ ಎರಡು ಸೂತಿನ ಪಟ್ಟಿ. ಮೊದಲ ಹಲಗೆ ಮುಗಿದಾಗ ಅಳಿಯ ಎಣಿಸಿದ.

"ಮಾವಾ, ಒಂದು ಹಲಗಿಗೆ ಹದಿನಾರು ಪಟ್ಟಿ ಅಂದಿದ್ರಿ. ಹನ್ನೊಂದೇ ಆದ್ವು."

"ಉಳಿದದ್ದು ಎಲ್ಲಿ ಹೋತು?"

ಅವನು ನೆಲದ ಮೇಲಿನ ಹೊಟ್ಟಿನ ರಾಶಿ ತೋರಿಸಿದ. ಕೊಯ್ತಕ್ಕೊಂದು ಸೂತು ಬ್ಲೇಡೇ ತಿಂದಿತ್ತು. ಕಾಗದದ ಮೇಲೆ ಗೆರೆ ಎಳೆದರೆ ಕಾಗದ ಕಡಿಮೆಯಾಗುವುದಿಲ್ಲವಲ್ಲ. ಇಪ್ಪತ್ತೈದು ವರ್ಷ ಗೆರೆ ಎಳೆದವನಿಗೆ ಗೆರೆಗೂ ಹೊಟ್ಟೆ ಇರುತ್ತದೆಂದು ಹೇಗೆ ಗೊತ್ತಾಗಬೇಕು? ನಾನು ಎಣಿಸಿದ್ದ ಐದು ಮಂದಿಯ ದೋಣಿ ಅಲ್ಲಿಯೇ, ಆ ಹೊಟ್ಟಿನ ರಾಶಿಯ ಮುಂದೆ, ಇಬ್ಬರ ದೋಣಿಯಾಯಿತು. ಮನೆಗೆ ಫೋನು ಮಾಡಿ ಹೇಳಿದೆ. "ಛಲೋ ಆತು ಬಿಡ್ರಿ, ಇಬ್ಬರೇ ಹೋಗೋಣು" ಎಂದಳು.

ಉಳಿದ ಹಲಗೆಗಳನ್ನು ಕೊಯ್ಯಲು ಬಿಟ್ಟು ನಾವಿಬ್ಬರೂ ಚಹಾಕ್ಕೆ ಹೋದೆವು. ಹೋಗುವ ಮುಂಚೆ ಅಳಿಯ ಮಷೀನಿನವನಿಗೆ ಮೂರು ಸಲ ಹೇಳಿದ್ದ, ನೀರು ಬಿಡಬೇಡ ಎಂದು. ಕಲ್ಲು ಕೊಯ್ಯುವಾಗ ಬ್ಲೇಡಿನ ಮೇಲೆ ನೀರು ಸುರಿಯುತ್ತಲೇ ಇರಬೇಕು, ಇಲ್ಲವಾದರೆ ಬ್ಲೇಡು ಸುಟ್ಟುಹೋಗುತ್ತದೆ. ಕಟ್ಟಿಗೆಗೆ ಅದು ಬೇಡ. ಚಹಾ ಕುಡಿದು, ಹೋಟೆಲಿನವರಿಗೂ ದೋಣಿಯ ಶಾಸ್ತ್ರ ಹೇಳಿ ನಾವು ವಾಪಸು ಬಂದಾಗ ನಳ ಪೂರ್ತಿ ತಿರುಗಿತ್ತು. ನನ್ನ ಸಾಗವಾನಿಯ ಮೇಲೆ ಧೋ ಎಂದು ನೀರು.

"ಏ, ನೀರು ಬಂದ್ ಮಾಡು!" ಎಂದು ಅಳಿಯ ಓಡಿದ.

"ಬಂದ್ ಮಾಡಿದ್ನಿರಿ," ಎಂದ ಮಷೀನಿನವನು, "ಎರಡು ಸಲ ಮಾಡಿದ್ನಿ. ಕೈ ತಾನೇ ಹೋಗಿ ಬಿಡ್ತದ್ರಿ. ನೀರಿಲ್ಲದ ಬ್ಲೇಡು ನೋಡಿದ್ರ ನನ್ನ ಗಂಟಲು ಒಣಗ್ತದ."

ಅಷ್ಟೇ ಆಗಿದ್ದರೆ ಒರೆಸಿಕೊಳ್ಳಬಹುದಿತ್ತು. ಪಟ್ಟಿಗಳಿಗೆ ಕಲ್ಲಿನ ಕೆಸರು ಮೆತ್ತಿಕೊಂಡಿದೆ ಎಂದು ಆ ಪುಣ್ಯಾತ್ಮ, ಕೊಯ್ದ ಕಲ್ಲುಗಳನ್ನು ತೊಳೆಯುವ ತೊಟ್ಟಿಯೊಳಗೆ ಅವುಗಳನ್ನೂ ನೀಟಾಗಿ ಜೋಡಿಸಿಟ್ಟಿದ್ದ. ಅವನ ಲೆಕ್ಕದಲ್ಲಿ ಅದು ಮರ್ಯಾದೆ. ನೂರ ಹತ್ತು ಪಟ್ಟಿಗಳು, ಎಲ್ಲವೂ ಸ್ನಾನಕ್ಕೆ ಕೂತಿದ್ದವು. ಆಚೆ ತೆಗೆದರೆ ಒಂದೊಂದೂ ಹಸಿ ಹಾವಿನ ಹಾಗೆ ಬಳುಕುತ್ತಿತ್ತು, ಬಣ್ಣ ಎಮ್ಮೆಯದು.

"ನಿಮ್ಮಕ್ಕಗ ಹೇಳಬ್ಯಾಡ," ಎಂದೆ ಅಳಿಯನಿಗೆ.

"ಇಲ್ಲ ಮಾವಾ," ಎಂದ. ಫೋನು ಆಗಲೇ ಅವನ ಕೈಯಲ್ಲಿತ್ತು.

ಮರುದಿನ ಬೆಳಗ್ಗೆ ಟೆಂಪೋದ ಹಿಂದಿನ ಹಲಗೆಗೆ ಒಂದು ತುದಿ, ಮುಂದೆ ಕ್ಯಾಬಿನ್ನಿನ ಮೇಲಕ್ಕೆ ಇನ್ನೊಂದು ತುದಿ, ಹಾಗೆ ಕಟ್ಟು ಬಿಗಿದು ಹೊರಟೆವು. ನಡುವೆ ಪಟ್ಟಿಗಳು ಜೋಲಿಯ ಹಾಗೆ ಬಾಗಿದ್ದವು. ಜಹೀರಾಬಾದು ಇನ್ನೇನು ಬಂತು ಎನ್ನುವಾಗ ಹೆದ್ದಾರಿ ಬಂದ್. ಚಳವಳಿಯವರು ರಸ್ತೆಯ ನಡುವೆ ಕಲ್ಲಿನ ಒಲೆ ಹೂಡಿ ಅನ್ನ, ಸಾರು ಬೇಯಿಸುತ್ತಿದ್ದರು. ಊರಿನವರೆಲ್ಲ ರಸ್ತೆಯ ಮೇಲೆಯೇ ಅಡುಗೆ ಮಾಡಿ ಅಲ್ಲಿಯೇ ಉಣ್ಣುವುದು, ಅಲ್ಲಿಯವರೆಗೆ ಗಾಡಿಗಳು ನಿಲ್ಲುವುದು. ನೂರಾರು ಲಾರಿಗಳು ನಿಂತಿದ್ದವು. ಸೆಪ್ಟೆಂಬರಿನ ಬಿಸಿಲು ನೆತ್ತಿಯ ಮೇಲಿತ್ತು.

ಒಲೆಯ ಮುಂದಿದ್ದ ಹೆಣ್ಣುಮಗಳೊಬ್ಬಳು ಎದ್ದುಬಂದು ನನ್ನ ಪಟ್ಟಿಗಳನ್ನು ಬೆರಳಿನಿಂದ ತಟ್ಟಿ ನೋಡಿದಳು. "ಇವು ಛಲೋ ಉರೀತಾವ," ಎಂದಳು ಹಿಂದಿನವಳಿಗೆ.

ನಾನು ಕಟ್ಟಿನ ಮೇಲೆ ಹತ್ತಿ ಕೂತುಬಿಟ್ಟೆ. "ಅವ್ವಾ, ಇದು ಉರುವಲ ಅಲ್ಲ. ಇದು ದೋಣಿ!"

"ಎಲ್ಲದ ದೋಣಿ?"

"ನೀ ಕೈ ತೆಗದ್ರ ಆಗ್ತದ."

ಅಷ್ಟರಲ್ಲಿ ಚಳವಳಿಯ ಹುಡುಗರು, ಮಾಸ್ತರುಗಳು ಸುತ್ತುವರಿದರು. ದೋಣಿ ಯಾಕೆ ಎಂದರು. ಬಸ್ಸು ಬಂದ್ ಆಗಿರುವುದರಿಂದ ಹೆಂಡತಿಯನ್ನು ದಸರೆಗೆ ತವರಿಗೆ ನೀರಿನ ಮೇಲೆ ಕರೆದೊಯ್ಯುತ್ತೇನೆ ಎಂದೆ. ಒಬ್ಬರು ನನ್ನ ಕೈಗೆ ಮೈಕು ಕೊಟ್ಟೇಬಿಟ್ಟರು. ಮೈಕು ಕೈಗೆ ಬಂದ ಮೇಲೆ ನಾನು ಸುಮ್ಮನಿರುವವನಲ್ಲ. ಬರಲಿರುವ ರಾಜ್ಯದ ಮೊದಲ ದೋಣಿ ಇದೇ ಎಂದೆ. ಬಸ್ಸು ನಿಲ್ಲಿಸಬಹುದು, ಹೆಂಡತಿಯ ತವರಿನ ದಾರಿ ಯಾರೂ ನಿಲ್ಲಿಸಲಾರರು ಎಂದೆ. ಹೆಣ್ಣುಮಕ್ಕಳ ಕಡೆಯಿಂದ ಬಂದ ಚಪ್ಪಾಳೆ ಇನ್ನೂ ಕಿವಿಯಲ್ಲಿದೆ. ಎಲೆಯ ತುಂಬ ಅನ್ನ ಬಡಿಸಿದರು. ಇಳಿಹೊತ್ತಿನವರೆಗೆ ಅಲ್ಲಿಯೇ. ಆ ಭಾಷಣದ ಸುದ್ದಿ ನನಗಿಂತ ಮುಂಚೆ ಹೊಳೆ ದಾಟಿ ನಾರಾಯಣಖೇಡದ ಕಡೆ ಹೋಗಿತ್ತು. ಇನ್ನು ಹಿಂದೆ ಸರಿಯುವ ದಾರಿಯೇ ಇರಲಿಲ್ಲ.

ಮನೆಗೆ ಬಂದು ಕಟ್ಟು ಬಿಚ್ಚಿದಾಗ ಪಟ್ಟಿಗಳು ನೇರವಾಗಲಿಲ್ಲ. ತೊಟ್ಟಿಯಲ್ಲಿ ನೆನೆದು, ಟೆಂಪೋದ ಮೇಲೆ ಜೋಲಿಯ ಹಾಗೆ ಬಾಗಿ, ರಸ್ತೆಯ ಬಿಸಿಲಲ್ಲಿ ಇಡೀ ಮಧ್ಯಾಹ್ನ ಒಣಗಿ, ಅವು ಆ ಬಾಗನ್ನೇ ಹಿಡಿದುಬಿಟ್ಟಿದ್ದವು. ಹಿತ್ತಲಲ್ಲಿ ನನ್ನ ಹಳೆಯ ಡ್ರಾಯಿಂಗ್ ಬೋರ್ಡಿನಿಂದ ಕತ್ತರಿಸಿ ನಿಲ್ಲಿಸಿದ್ದ ಅಚ್ಚುಗಳ ಮೇಲೆ ಒಂದನ್ನು ಇಟ್ಟು ನೋಡಿದೆ. ಹಸುಗೂಸು ತಾಯಿಯ ತೊಡೆಯ ಮೇಲೆ ಮಲಗಿದ ಹಾಗೆ ಕೂತಿತು. ಒಣ ಸಾಗವಾನಿಯನ್ನು ಹಾಗೆ ಬಾಗಿಸಲು ಹೋಗಿದ್ದರೆ ಅರ್ಧಕ್ಕರ್ಧ ಪಟ್ಟಿಗಳು ಮುರಿಯುತ್ತಿದ್ದವು. ಆಮೇಲಿನ ಕೆಲಸ ದೋಸೆ ಹೊಯ್ದ ಹಾಗೆ ಸಾಗಿತು. ಪಟ್ಟಿಗಳು ನಾಲ್ಕು ದಿನ ಪೂರ್ತಿ ಒಣಗಲಿ ಎಂದು ಸೈಕಲ್ ಟ್ಯೂಬಿನ ತುಂಡುಗಳಿಂದ ಅಚ್ಚಿಗೆ ಬಿಗಿದಿಟ್ಟೆ. ಬಳಿಕ ಒಂದೊಂದನ್ನೇ ಬಿಚ್ಚಿ, ಅಂಚಿಗೆ ರಂಧಾ ಹೊಡೆದು ನಯಗೊಳಿಸಿ, ಅಂಟು ಹಚ್ಚಿ, ಮತ್ತೆ ಬಿಗಿದೆ. ಕಡೆಗೆ ಮೇಲೊಂದು ಧೋತರದ ಬಟ್ಟೆ ಸುತ್ತಿ, ನೀರಿನ ಟ್ಯಾಂಕಿನ ಬಿರುಕು ಮುಚ್ಚುವ ರಾಳ ಬಳಿದೆ. ಡ್ರಾಯಿಂಗ್ ಬೋರ್ಡಿನ ಉಳಿದ ತುಂಡನ್ನು ಬಿದಿರಿಗೆ ಬಡಿದು ಹುಟ್ಟು ಮಾಡಿದೆ. ಆ ಬಡಿತಕ್ಕೆ ನಮ್ಮಪ್ಪನ ಅಂಗಿಯ ಮೊಳೆ ಉಪಯೋಗವಾಯಿತು.

ಮಿಸ್ತ್ರಿ ಒಂದು ಸಂಜೆ ತಾನಾಗಿಯೇ ಬಂದ. ದೋಣಿಯ ಸುತ್ತ ಎರಡು ಸಲ ಸುತ್ತಿದ. ಹೆಬ್ಬೆರಳಿಂದ ಸಂದುಗಳನ್ನು ಒತ್ತಿ ನೋಡಿದ.

"ಸಾಬ್, ಈ ಬಾಗು ಹ್ಯಾಂಗ ತಂದ್ರಿ?"

"ಅದು ನನ್ನ ಸ್ವಂತ ಪದ್ಧತಿ ಮಿಸ್ತ್ರಿ. ಕಲ್ಲಿನ ನೀರಿನಾಗ ನೆನೆಸಿ, ಹೆದ್ದಾರಿ ಬಿಸಿಲಿಗೆ ಒಣಗಿಸಬೇಕು. ಒಂದು ತಾಸು ಹೆಚ್ಚೂ ಆಗಬಾರ್ದು, ಕಡಿಮೀನೂ ಆಗಬಾರ್ದು."

ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಮಿಸ್ತ್ರಿ ಮಾತ್ರ ಪೆನ್ಸಿಲು ತೆಗೆದು ಬೀಡಿ ಕಟ್ಟಿನ ಮೇಲೆ ಎಲ್ಲವನ್ನೂ ಬರೆದುಕೊಂಡ.

ನಮ್ಮ ಕಡೆ ದಸರೆಗೆ ಮುಂಚೆ ಹೆಣ್ಣುಮಕ್ಕಳು ಬತುಕಮ್ಮ ಆಡುತ್ತಾರೆ. ಹೂಗಳನ್ನು ತಟ್ಟೆಯ ಮೇಲೆ ಗೋಪುರದ ಹಾಗೆ ಪೇರಿಸಿ, ಸುತ್ತಲೂ ಹಾಡಿ ಕುಣಿದು, ಕಡೆಗೆ ಅದನ್ನು ನೀರಿಗೆ ಬಿಡುವುದು. ಹಾಗೆ ನೀರಿಗೆ ಬಿಡುವ ದಿನ ಬೆಳಗ್ಗೆ ಟೆಂಪೋ ಮಂಜೀರಾದ ಈಚೆಗೆ, ರಾಯ್ಕೋಡಿನ ಕಡೆಯ ದಂಡೆಗೆ ದೋಣಿಯನ್ನು ಇಳಿಸಿಹೋಯಿತು. ನೀರು ನೋಡಿದರೆ ಎದುರಿನ ದಂಡೆ ಒಂದು ಹಸಿರು ಗೆರೆಯಷ್ಟೇ. ನಕಾಶೆಯಲ್ಲಿ ಅದು ನನ್ನ ಹೆಬ್ಬೆರಳಿನಷ್ಟು ಅಗಲವಿತ್ತು. ಹೆಂಡತಿ ಹೊಸ ಸೀರೆ ಉಟ್ಟು, ತಂಗಡಿ ಹೂವಿನ ಹಳದಿ ಗೋಪುರವನ್ನು ಮಡಿಲಲ್ಲಿ ಇಟ್ಟುಕೊಂಡು, ಕೈಯಲ್ಲಿ ಒಂದು ಸ್ಟೀಲಿನ ಲೋಟ ಹಿಡಿದುಕೊಂಡು ನನ್ನ ಎದುರಿಗೆ ಕೂತಳು. ದೋಣಿ ಮುಳುಗಲಿಲ್ಲ. ನೀರಿನ ಮೇಲೆ ನಿಂತಿತು! ಎಮ್ಮೆ ಬಣ್ಣದ ನನ್ನ ದೋಣಿ ಎಮ್ಮೆಯ ಹಾಗೆಯೇ ನೆಮ್ಮದಿಯಿಂದ ತೇಲಿತು.

ಒಂದೇ ಹುಟ್ಟಾಗಿದ್ದರಿಂದ ಮೊದಲು ಮೂರು ಸುತ್ತು ಅಲ್ಲಿಯೇ ತಿರುಗಿತು.

"ಇದೇನ್ರಿ, ನಿಂತಲ್ಲೇ ತಿರಗಾಕತ್ತದ?"

"ಪ್ರದಕ್ಷಿಣಿ. ಶುಭ ಕೆಲಸಕ್ಕ ಮೊದಲು ಮಾಡಬೇಕು."

ಅಷ್ಟರಲ್ಲಿ ಎಲ್ಲಿಂದಲೋ ಇಬ್ಬರು ಮೀನುಗಾರರು, ಒಬ್ಬೊಬ್ಬರೂ ಒಂದೊಂದು ತೆಪ್ಪದ ಮೇಲೆ, ನಮ್ಮ ಎರಡೂ ಬದಿಗೆ ಬಂದರು. ಒಬ್ಬನ ಹೆಗಲಿಗೆ ಲಾರಿಯ ಟ್ಯೂಬು ಇತ್ತು. ನೋಡಲು ಬಂದ ಅಭಿಮಾನಿಗಳೆಂದು ನಾನು ತಿಳಿದೆ.

"ನೋಡಿ ಕಲೀರೋ," ಎಂದು ಕೂಗಿದೆ, "ತೆಪ್ಪದ ಮ್ಯಾಲ ಕುಂತು ಜನ್ಮ ಕಳೀಬ್ಯಾಡ್ರಿ!"

"ಕಲ್ಯಾಕತ್ತೀವ್ರಿ ಸಾಬ್," ಎಂದ ಟ್ಯೂಬಿನವನು. "ನಡೀರಿ, ನಾವು ಹಿಂದೆ ಬರ್ತೀವಿ. ಎಡಕ್ಕೊಮ್ಮೆ, ಬಲಕ್ಕೊಮ್ಮೆ ಹೊಡೀರಿ."

ಎಡಕ್ಕೊಮ್ಮೆ, ಬಲಕ್ಕೊಮ್ಮೆ ಹೊಡೆದೆ. ದೋಣಿ ಹೊರಟಿತು. ನಡುನೀರಿಗೆ ಬಂದಾಗ ಎರಡೂ ದಂಡೆಗಳು ಒಂದೇ ದೂರವಾದವು. ಕೆಳಗೆ ಎಷ್ಟು ಆಳವೋ ಎಂಬ ಯೋಚನೆ ಬಂದು ಹುಟ್ಟನ್ನು ಇನ್ನೂ ಬಿಗಿಯಾಗಿ ಹಿಡಿದೆ. ಅವಳ ಕಾಲ ಬಳಿ ಎಲ್ಲೋ ಒಂದು ಸಂದಿನಿಂದ ಸಣ್ಣಗೆ ನೀರು ಜಿನುಗುತ್ತಿತ್ತು. ಅವಳು ಅದರ ಬಗ್ಗೆ ಒಂದು ಮಾತೂ ಆಡದೆ, ಊರಿನ ಸುದ್ದಿ ಹೇಳುತ್ತ, ಲೋಟದಿಂದ ತುಂಬಿ ತುಂಬಿ ಆಚೆ ಚೆಲ್ಲುತ್ತಿದ್ದಳು. ಕುಡಿಯಲು ತಂದ ಲೋಟವೆಂದು ತಿಳಿದಿದ್ದೆ. ಕುಡಿಯುವ ನೀರನ್ನು ಅವಳು ತಂದಿರಲೇ ಇಲ್ಲ ಎಂಬುದು ಆಗ ಹೊಳೆಯಿತು. ಗಾಳಿಗೆ ತಂಗಡಿಯ ಎರಡು ಎಸಳು ಹಾರಿ ಅವಳ ಕೂದಲಲ್ಲಿ ಸಿಕ್ಕಿದವು. ಇಪ್ಪತ್ತು ವರ್ಷದ ಹಿಂದೆ ಬಾಗಿಲ ಹಿಂದೆ ನಕ್ಕವಳು ಈಗ ನನ್ನ ಎದುರಿಗೇ ಕೂತು ನಗುತ್ತಿದ್ದಳು.

"ಖರೇ ಕರಕೊಂಡು ಬಂದ್ರಿ ನೋಡ್ರಿ," ಎಂದಳು.

ಆ ಮಾತಿನ ಬಲದಿಂದ ಉಳಿದ ಅರ್ಧ ದಾಟಿದೆ.

ಆಚೆ ದಂಡೆಯಲ್ಲಿ ಇಡೀ ಊರು ನಿಂತಿತ್ತು. ತಾಂಡೂರಿನಿಂದ ಮೋಟಾರ್ ಸೈಕಲ್ಲಿನಲ್ಲಿ ಸುತ್ತು ಹೊಡೆದ ಅಳಿಯನೂ ಇದ್ದ. ಚರ್ಮದ ಹಲಗೆ ವಾದ್ಯ ಬಡಿದರು. ಹೆಣ್ಣುಮಕ್ಕಳು ಹೂಗಳ ಜೊತೆ ನನ್ನ ಹೆಂಡತಿಯನ್ನು ಇಳಿಸಿಕೊಂಡರು. ನಾನು ಎದೆ ಉಬ್ಬಿಸಿಕೊಂಡು ದಂಡೆಗೆ ಕಾಲಿಟ್ಟೆ. ಅತ್ತೆ ಕೈಯಲ್ಲಿ ಹೋಳಿಗೆಯ ತಾಟು ಹಿಡಿದು ಬಂದರು. ಕೈ ಚಾಚಿದೆ. ಅವರು ನನ್ನನ್ನು ದಾಟಿ ಹೋಗಿ ತಾಟನ್ನು ಆ ಇಬ್ಬರು ಮೀನುಗಾರರ ಮುಂದೆ ಹಿಡಿದರು.

"ಅತ್ತಿ, ಅವರಿಗ್ಯಾಕ್ರಿ? ದೋಣಿ ಹೊಡದಾವ ನಾನು."

"ನೀವು ಹೊಡದ್ರಿ, ಅವರು ಕಾದ್ರು," ಎಂದರು ಅತ್ತೆ. "ಈಜು ಬರಲಾರದ ಅಳಿಯ ನೀರಿನ ಮ್ಯಾಲ ಬರ್ತಾನಂದ್ರ ನಾವು ಸುಮ್ಮ ಕುಂಡ್ರತೀವೇನ್ರಿ? ನಿಮ್ಮ ಭಾಷಣ ಕೇಳಿದ ದಿನಾನೇ ಇವರಿಗೆ ಹೇಳಿಟ್ಟೀನಿ."

ಚಾಚಿದ ಕೈಯನ್ನು ಜೇಬಿಗೆ ಹಾಕಿಕೊಂಡೆ.

"ಈಜು ಬರಂಗಿಲ್ಲ ಅಂತ... ಯಾರು ಹೇಳಿದ್ರು?"

"ಮದಿವಿ ಆದ ಮೊದಲನೇ ಬ್ಯಾಸಗಿನಾಗೇ ನನ್ನ ಮಗಳು ಹೇಳ್ಯಾಳ. ಊರಿಗೆಲ್ಲಾ ಗೊತ್ತದ."

ನಾನು ಕಟ್ಟೆಯ ಹಿರಿಯರ ಕಡೆ ನೋಡಿದೆ. ಇಪ್ಪತ್ತು ವರ್ಷ ಮಹಾಪೂರದ ಕತೆಯನ್ನು ಬಾಯಿ ತೆರೆದು ಕೇಳಿದ ಆ ಮುಖಗಳು ಒಂದೊಂದಾಗಿ ಸಡಿಲವಾದವು. ಎಲ್ಲರಿಗಿಂತ ಹಿರಿಯ ಅಜ್ಜ ಊರುಗೋಲಿನ ಮೇಲೆ ಬಾಗಿ, "ಅಳಿಯಂದ್ರೆ, ಹೋದ ವರ್ಷ ನಿಮ್ಮ ಕತ್ಯಾಗ ಪೂರ ಹುಣಸಿ ಗಿಡದ ತುದಿ ಮುಟ್ಟಿತ್ತು. ಈ ಸಲ ಎಲ್ಲಿಗೆ ಬಂತ್ರಿ?" ಎಂದ. ಆಮೇಲೆ ಆ ದಂಡೆಯ ಮೇಲೆ ಎದ್ದ ನಗು ಮಂಜೀರಾದ ಈಚೆ ದಂಡೆಗೂ ಕೇಳಿಸಿರಬೇಕು. ಆಫೀಸೊಂದನ್ನು ಆರು ತಿಂಗಳು ಆಡಿಸಿದೆನೆಂದು ನಾನು ಹೆಮ್ಮೆ ಪಡುತ್ತಿದ್ದೆ. ಇವರು ಒಬ್ಬರಿಗೊಬ್ಬರು ಕಣ್ಣು ಸಹ ಹೊಡೆಯದೆ ಇಪ್ಪತ್ತು ವರ್ಷ ನನ್ನನ್ನು ಆಡಿಸಿದ್ದರು. ಹೆಂಡತಿಯ ಕಡೆ ತಿರುಗಿದೆ.

"ಆಣಿ ಹಾಕಿದ್ದಿ!"

"ಆಣಿ ಹಾಕಿದ್ದು ನೀವು ಕೇಳಿದ ಮ್ಯಾಲ. ಅಷ್ಟೊತ್ತಿಗೆ ಅವ್ವಗ ಹೇಳಿ ಆಗಿತ್ತು."

"ಹಂಗಾದ್ರ ಫೋನ್ ಹಚ್ಚಿ ಹೇಳ್ತೀನಿ ಅಂತ ಅಂಜಿಸಿದ್ದು?"

"ಅಂಜಿಸಲಿಲ್ಲಂದ್ರ ದೋಣಿ ಆಗ್ತಿತ್ತೇನ್ರಿ?"

ಸಂಜೆ ನೂರಾರು ಬತುಕಮ್ಮಗಳು ಹಿನ್ನೀರಿನ ಮೇಲೆ ತೇಲಿದವು. ಹೂಗಳನ್ನು ದಂಡೆಯಿಂದ ಬಿಡದೆ ನನ್ನ ದೋಣಿಯಲ್ಲಿಟ್ಟು ನಡುನೀರಿಗೆ ಒಯ್ದು ಬಿಡಬೇಕೆಂದು ಹೆಣ್ಣುಮಕ್ಕಳೆಲ್ಲ ಹಟ ಹಿಡಿದರು. ಏಳು ಸಲ ಹೋಗಿಬಂದೆ. ಪ್ರತಿ ಸಲವೂ ಟ್ಯೂಬಿನವನು ಹಿಂದೆ. ಮರುದಿನ ಅದೇ ಟ್ಯೂಬನ್ನು ನನ್ನ ಸೊಂಟಕ್ಕೆ ಸಿಕ್ಕಿಸಿ, ಅಳಿಯ ಒಂದು ಕೈ, ಟ್ಯೂಬಿನವನು ಒಂದು ಕೈ ಹಿಡಿದು ನೀರಿಗೆ ಇಳಿಸಿದರು. ಕಟ್ಟೆಯ ಹಿರಿಯರು ತಮ್ಮ ಕಂಬಳಿಗಳನ್ನು ಹೊತ್ತುಕೊಂಡು ದಂಡೆಗೇ ಬಂದು ಕೂತರು. ಐವತ್ತರ ಹತ್ತಿರದ ಮನುಷ್ಯ ಮೂರೇ ದಿನದಲ್ಲಿ ಈಜು ಕಲಿತ ಉದಾಹರಣೆ ಆ ಭಾಗದಲ್ಲಿ ಇನ್ನೊಂದಿಲ್ಲ. ಹನ್ನೊಂದು ದಿನ ಎಂದು ಹೆಂಡತಿ ಹೇಳುತ್ತಾಳೆ. ನಡುವೆ ಮಳೆ ಬಂದ ದಿನಗಳನ್ನೂ ಅವಳು ಸೇರಿಸುತ್ತಾಳೆ.

ಬಸ್ಸುಗಳು ಮತ್ತೆ ಶುರುವಾಗುವ ಸುದ್ದಿ ಬಂದರೂ ನಾವು ದೋಣಿಯಲ್ಲಿಯೇ ವಾಪಸು ಹೊರಟೆವು. ಅತ್ತೆ ದಂಡೆಯ ಮೇಲೆ ಕೈ ಬೀಸುತ್ತ ನಿಂತಿದ್ದರು. ತೆಪ್ಪಗಳು ಹಿಂದೆ ಬರಲಿಲ್ಲ. ಬೇಡವೆಂದು ನಾನೇ ಹೇಳಿದ್ದೆ. ವಾಪಸು ಬರುವಾಗ ಮಾತ್ರ ಹುಟ್ಟು ಅವಳ ಕೈಯಲ್ಲಿತ್ತು, ಲೋಟ ನನ್ನ ಕೈಯಲ್ಲಿ.